ಆರು ಕೆಜಿ ಇನ್ನೂರು

ಜೋಲಿ ತಕ್ಕಡಿಯಲ್ಲಿ ಕಾಲು ಇಳಿಬಿಟ್ಟು
ಶಾಂಭವಿ ನಕ್ಕಳು. ಮುಳ್ಳು ನಗಲಿಲ್ಲ.
ಆರು ಕೆಜಿ ಇನ್ನೂರು, ಎಂಟು ತಿಂಗಳಿಗೆ.
ಅಂಗನವಾಡಿಯ ರತ್ನಪ್ರಭ ಮೇಡಂ
ಕಾರ್ಡಿನ ಹಳದಿ ಪಟ್ಟಿಯಲ್ಲಿ ಚುಕ್ಕಿ ಇಟ್ಟು
"ಮೊಟ್ಟೆ?" ಅಂದರು.
ನನ್ನ ಹಣೆಯ ವಿಭೂತಿ ನೋಡಿ ತಾವೇ
"ಸರಿ, ಕಾಳು" ಅಂದರು.
ಯಾವ ಕಾಳು, ಎಷ್ಟು, ಹೇಗೆ
ಅಂತ ಕೇಳುವಷ್ಟರಲ್ಲಿ
ಹಿಂದಿನವಳ ಮಗು ಜೋಲಿ ಏರಿಯಾಗಿತ್ತು.

ಹೆಸರುಕಾಳು ನೆನೆಹಾಕಿ ಮೊಳಕೆ ಕಟ್ಟಿದೆ.
ಬಟ್ಟೆಯ ಗಂಟು ಬಿಚ್ಚಿದರೆ ಬಾಲ ಬಿಟ್ಟ ಕಾಳು
ಮೊದಲ ಜ್ವರದ ಹುಳುಗಳ ಹಾಗೆ ಹೊರಳಿದವು.
ಬೇಯಿಸಿ, ಅರೆದು, ಸೋಸಿ ಕೊಟ್ಟೆ.
ಉಗಿದಳು.
ಉದ್ದಿನ ಗಂಜಿಗೆ ತುಪ್ಪ ಬಿಟ್ಟೆ.
ತುಪ್ಪ ಒಳಗೆ, ಉದ್ದು ಹೊರಗೆ,
ಅದು ಹೇಗೆ ಸೋಸಿದಳೋ ಹಲ್ಲಿಲ್ಲದ ಬಾಯಿ.
ಹುರಿಗಡಲೆ ಹಿಟ್ಟನ್ನು ಬಾಳೆಹಣ್ಣಲ್ಲಿ ಕಿವುಚಿ
ಚಮಚವನ್ನು ಗುಬ್ಬಿ ಮಾಡಿ ಹಾರಿಸಿದೆ;
ಗೂಡಿನ ಬಾಗಿಲು ಮುಚ್ಚಿತ್ತು.

ಅತ್ತೆಯದು ಒಂದೇ ಮಾತು:
"ರಾಗಿಸರಿ ತಿಂದೇ ನಿನ್ನ ಗಂಡ ಅಷ್ಟುದ್ದ ಆಗಿದ್ದು."
ಬೇಡ ಅಂದವರು ಯಾರು?
ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ,
ಹಳೇ ಪಂಚೆಯಲ್ಲಿ ವಸ್ತ್ರಗಾಳಿ ಹಿಡಿದ ಹಿಟ್ಟು,
ಊದಿದರೆ ಹೊಗೆ.
ಅದರ ಜೊತೆಗೆ ಏನು ಅನ್ನುವುದಷ್ಟೇ ನನ್ನ ಪ್ರಶ್ನೆ.

ಹಗಲು ಶಿಡ್ಲಘಟ್ಟದಲ್ಲಿ, ಜಬೀನಾಳ ಅಪ್ಪನ ಫಿಲೇಚರಿನಲ್ಲಿ ನಾನು.
ಕುದಿನೀರಲ್ಲಿ ಗೂಡುಗಳು ಕುಣಿಯುತ್ತವೆ,
ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು.
ದಾರವೆಲ್ಲ ಬಿಚ್ಚಿ ಹೋದ ಮೇಲೆ ಉಳಿಯುವುದು
ಕಂದು ಬಣ್ಣದ ಒಂದು ಹುಳು. ಟಬ್ಬುಗಟ್ಟಲೆ.
ಮೀನಿನ ಮೇವಿಗೆ, ಕೋಳಿ ಮೇವಿಗೆ ಟೆಂಪೋ ಬಂದು ಒಯ್ಯುತ್ತದೆ.
"ಪ್ರೋಟೀನು ಕಣೇ, ಬರೀ ಪ್ರೋಟೀನು"
ಅಂದಳು ಜಬೀನಾ ಮೂಗು ಮುಚ್ಚಿಕೊಂಡು. ಇಬ್ಬರೂ ನಕ್ಕೆವು.
ಆಮೇಲೆ ನಾನು ನಗಲಿಲ್ಲ.
ಆವಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿಯುತ್ತಿತ್ತು.
ಈ ಕೈ ದಿನಕ್ಕೆ ಎಷ್ಟು ಜೀವ ಕುದಿಸುತ್ತದೆ?
ಮತ್ತೆ ಮಗಳಿಗೆ ಒಂದು ಮೊಟ್ಟೆ ಯಾಕೆ ಬೇಡ?
ಎಳೆ ತುಂಡಾಯಿತು. ಜೋಡಿಸಿದೆ.

ಆ ಹುಳು ಬದುಕಿದ್ದಾಗ ತಿಂದದ್ದು ಮಾತ್ರ
ಹಿಪ್ಪುನೇರಳೆ ಸೊಪ್ಪು, ಬೇರೇನೂ ಅಲ್ಲ.
ಸೊಪ್ಪು ತಿಂದು ಅಷ್ಟು ಗಟ್ಟಿ ನೂಲು!
ಈ ಸಮಾಧಾನ ಒಂದು ದಿನ ನಡೆಯಿತು.

ಚಳಿ ಬಿತ್ತು. ಸಂತೆಗೆ ಅವರೆಕಾಯಿ ಬಂತು,
ಬಸ್‌ಸ್ಟ್ಯಾಂಡಿನವರೆಗೂ ಸೊಗಡು.
ರಾತ್ರಿ ಟೀವಿ ಮುಂದೆ ಮೂವರೂ ಹಿತುಕಲು ಕೂತೆವು.
ನೆನೆದ ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ
ಸಿಪ್ಪೆ ಕೈಯಲ್ಲಿ, ಬೇಳೆ ಚಂಗನೆ ಬಟ್ಟಲಿಗೆ.
ಒಂದು ಗುರಿ ತಪ್ಪಿ ಶಾಂಭಿಯ ಮೂಗಿಗೆ ಬಡಿಯಿತು.
ಕಿಲಕಿಲ ನಕ್ಕು, ಇನ್ನೊಂದು ಹೊಡೆಯಿರಿ ಅಂತ
ನೆಲ ತಟ್ಟಿದಳು.
ಅತ್ತೆ ಮಾತಿಲ್ಲದೆ ಎದ್ದರು.
ಒಂದು ಹಿಡಿ ಬೇಳೆ, ಚಿಟಿಕೆ ಜೀರಿಗೆ, ಮೆತ್ತಗೆ ಬೇಯಿಸಿ
ಬೆಣ್ಣೆಯ ಹಾಗೆ ನುರಿದು
ತಮ್ಮ ರಾಗಿಸರಿಯ ನಡುವೆ ಗುಂಡಿ ತೋಡಿ ಸುರಿದು
ತೋರುಬೆರಳಲ್ಲಿ ಇಷ್ಟೇ ಇಷ್ಟು ನೆಕ್ಕಿಸಿದರು.
ನಾಲಿಗೆ ಹೊರಗೆ ಬಂತು.
ಒಳಗೆ ಹೋಯಿತು.
ಹುಬ್ಬು ಗಂಟಾಯಿತು, ಯಾರೋ ಲೆಕ್ಕ ತಪ್ಪು ಹೇಳಿದ ಹಾಗೆ.
ಬಾಯಿ ಮತ್ತೆ ತೆರೆಯಿತು.

ಅವರೆ ಇರುವುದು ಎರಡು ತಿಂಗಳು.
ಆಮೇಲೆ ತೊಗರಿ ಇದೆ, ಹುರುಳಿಕಟ್ಟು ಇದೆ,
ಅತ್ತೆಗೆ ಹೇಳದ ಒಂದು ಮಾತೂ ಇದೆ,
ನನ್ನ ಬಾಯಲ್ಲೇ, ನುಂಗದೆ, ಉಗಿಯದೆ.

ಈ ತಿಂಗಳು ಮುಳ್ಳು
ಆರೂವರೆಯ ಹತ್ತಿರ ನಡುಗುತ್ತಿರುವಾಗಲೇ
ಜೋಲಿಯಲ್ಲಿ ಉಚ್ಚೆ ಹೊಯ್ದಳು.
"ಅಯ್ಯೋ, ಐವತ್ತು ಗ್ರಾಂ ಹೋಯಿತು" ಅಂದೆ.
ರತ್ನಪ್ರಭ ಮೇಡಂ ಸೆರಗು ಒದರಿಕೊಳ್ಳುತ್ತ
"ನಾನು ಆಗಲೇ ಬರೆದಾಯ್ತು" ಅಂದರು.