ನೀಲಿ ನೀರು

ಬಂಗಾರಪೇಟೆಯ ದೇಶಿಹಳ್ಳಿಯಲ್ಲಿ
ನನ್ನ ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸರು.
ಮೊಟ್ಟೆ ನಿಂತಿರುವ ಮನೆ ಎನ್ನಿ,
ಟೀ ಅಂಗಡಿಯವನು ಗ್ಲಾಸು ಕೆಳಗಿಟ್ಟು ಕೈ ಚಾಚುತ್ತಾನೆ.

ಫೈಬರ್ ಮೈ, ಬಿಳಿ, ಉಬ್ಬಿದ ಹೊಟ್ಟೆ,
ಎರಡು ಚಕ್ರ, ಒಂದು ಬಾಗಿಲು.
ಒಳಗೆ ಇಬ್ಬರು ಮಲಗಬಹುದು,
ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರ.
ಶಾಲೆಗೆ ಹೋಗುವ ಮಕ್ಕಳು ತಟ್ಟಿ ಕೇಳುತ್ತವೆ:
ತಾತಾ, ಇದು ಯಾವಾಗ ಮರಿಯಾಗುತ್ತೆ?

ಮೂವತ್ತನಾಲ್ಕು ವರ್ಷ ಗೂಡ್ಸಿನ ಕೊನೇ ಡಬ್ಬಿಯಲ್ಲಿ
ಬಾವುಟ ಹಿಡಿದು ಕೂತವನು ನಾನು.
ಎಂಜಿನ್ನು ಮುಂದೆಲ್ಲೋ, ಕಣ್ಣಿಗೆ ನಿಲುಕದಷ್ಟು ದೂರ.
ಎಳೆದಲ್ಲಿಗೆ ಹೋಗುವುದು, ನಿಂತಲ್ಲಿ ನಿಲ್ಲುವುದು.
ನಿವೃತ್ತಿಯ ದುಡ್ಡು ಬಂದಾಗ ಎಲ್ಲರೂ ಸೈಟು ಎಂದರು.
ಹೊಸೂರಿನ ಗುಜರಿಯೊಂದರ ಹಿಂದೆ
ಬೇಲಿಜಾಲಿ ಹೊದ್ದು ಮಲಗಿದ್ದ ಇದನ್ನು ತಂದೆ.
ಜಯಶೀಲ ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ಒಳಗೆ ಹೋಗಿ ಕಸ ಗುಡಿಸಿದಳು.

ಬೇರಿಂಗಿಗೆ ಗ್ರೀಸನ್ನು ಬೆರಳಲ್ಲೇ ತುಂಬಬೇಕು.
ಕಿಟಕಿಯ ರಬ್ಬರು ವರ್ಷಕ್ಕೊಮ್ಮೆ ಸೆಟೆಯುತ್ತದೆ.
ಬಿಸಿಲಿಗೆ ಹೊರಮೈ ಸುಣ್ಣ ಬಿಡುತ್ತದೆ,
ಉಜ್ಜಿ, ಮೇಣ ಹಚ್ಚಿ, ಮತ್ತೆ ಉಜ್ಜಿದರೆ
ಸಂಜೆಗೆ ಅದರಲ್ಲಿ ನಮ್ಮ ಮುಖ, ಕೊಂಚ ದಪ್ಪಗೆ.
ಕೋಲಾರದ ಅಫ್ರೋಜ್,
ಛತ್ರಗಳ ಬಾಗಿಲಿಗೆ ಫೈಬರ್ ಆನೆ ಮಾಡಿಕೊಡುವವನು,
ರಾಳ ಕಲೆಸುವುದು ಹೇಳಿಕೊಟ್ಟ:
"ಗಟ್ಟಿಯಾಗೋ ಔಷಧಿ ಜಾಸ್ತಿ ಬಿದ್ರೆ ಡಬ್ಬಾನೇ ಹೊಗೆಯಾಡ್ತದೆ ಸಾರ್,
ಕಮ್ಮಿ ಬಿದ್ರೆ ನಾಳೇನೂ ಅಂಟಂಟು."
ಸಂಸಾರದ ಮಾತೇನೋ ಎಂದು ತಲೆದೂಗಿದೆ.
ಅವನು ಹೇಳಿದ್ದು ರಾಳದ ಮಾತೇ.

ಆಮೇಲೆ ಸೋರತೊಡಗಿತು.
ಹಾಸಿಗೆಯ ತಲೆದಿಸೆಗೆ, ಸರಿಯಾಗಿ ಅವಳ ಕಿವಿಗೆ.
ಎರಡು ಚಿಪ್ಪು ಕೂಡುವ ನಡುಪಟ್ಟಿ, ಅಲ್ಲೇ ಎಂದೆ;
ಬೇರೆ ಬೇರೆ ಅಚ್ಚಿನಿಂದ ತೆಗೆದು ಅಂಟಿಸಿದ್ದು
ಬಿಡುವುದಿದ್ದರೆ ಅಲ್ಲೇ ಬಿಡಬೇಕು.
ಸುತ್ತಲೂ ಗಾಜಿನ ನಾರು ಕೂರಿಸಿದೆ, ರಾಳ ಬಳಿದೆ,
ತೋಳೆಲ್ಲ ನವೆ, ನಾಲ್ಕು ದಿನ ಅಂಗಿ ತೊಡಲಾಗಲಿಲ್ಲ.
ಮಳೆ ಬಂತು. ಅವಳ ಕಿವಿಗೇ ಹನಿ.
ಮತ್ತೊಮ್ಮೆ ಬಳಿದೆ. ಮತ್ತೊಮ್ಮೆ ಹನಿ.

ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ
ಯಾವ ಮಗು ಯಾಕೆ ಅಳುತ್ತಿದೆ ಎಂದು ಹುಡುಕಿದವಳು
ಒಂದು ಭಾನುವಾರ ಬಟ್ಟೆಗೆ ಹಾಕುವ ನೀಲಿ ಕದಡಿ,
ನೆರಿಗೆ ಎತ್ತಿ ಸಿಕ್ಕಿಸಿ, ಏಣಿ ಹತ್ತಿ,
ಚೊಂಬಿನಿಂದ ಒಂದೊಂದೇ ಕಡೆ ಹುಯ್ದಳು.
"ಒಳಗೆ ಕೂತು ಬಂದಾಗ ಹೇಳಿ. ಅಭಿಪ್ರಾಯ ಬೇಡ."
ನಡುಪಟ್ಟಿ? ಇಲ್ಲ. ಕಿಟಕಿ? ಇಲ್ಲ. ಗಾಳಿಗಿಂಡಿ? ಇಲ್ಲ.
ಕೊನೆಗೆ ನೀಲಿ ಎಳೆಯೊಂದು
ಚಾವಣಿಯ ಒಳಬಟ್ಟೆಯ ಬೆನ್ನ ಹಿಂದೆ
ಮೂರಡಿ ತೆವಳಿಕೊಂಡು ಬಂದು
ದಿಂಬಿನ ಮೇಲೆ ಬಿತ್ತು.

ಸೋಲಾರ್ ಹಲಗೆಯ ಎಡಗಡೆ, ಎರಡನೇ ಸ್ಕ್ರೂ.
ಹೋದ ದೀಪಾವಳಿಗೆ ಫ್ಯಾನು ಬೇಕು, ದೀಪ ಬೇಕು,
ಎಲ್ಲ ಹೊಸದಾಗಬೇಕು ಎಂದು
ನಾನೇ ಕೊರೆದ ತೂತು.
ಅಲ್ಲಿಯವರೆಗೆ ಈ ಮೊಟ್ಟೆ ಸೋರಿದ್ದೇ ಇಲ್ಲ.

ಇಳಿದು ಕೈ ಒರೆಸಿಕೊಂಡಳು. ಎರಡೂ ನೀಲಿ.
ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮೊನ್ನೆ ಆವನಿ ಬೆಟ್ಟದ ಬುಡಕ್ಕೆ ಹೋದೆವು.
ರಿವರ್ಸ್ ನನಗೆ ಇನ್ನೂ ಒಲಿದಿಲ್ಲ:
ಸ್ಟೇರಿಂಗು ಎಡಕ್ಕೆಂದರೆ ಮೊಟ್ಟೆ ಬಲಕ್ಕೆ.
ಕನ್ನಡಿಯಲ್ಲಿ, ದೂರದಲ್ಲಿ, ಅವಳು,
ಕೈಯಲ್ಲಿ ಎರಡು ರವಿಕೆ ಕಣ.
ಹಸಿರು. ಹಸಿರು. ಹಸಿರು.
ಕೆಂಪು.
ನಿಂತೆ. ಇಳಿದು ನೋಡಿದರೆ ಚಕ್ರಕ್ಕೂ ಹುತ್ತಕ್ಕೂ ಗೇಣು ಜಾಗ.

ರಾತ್ರಿ ಮಳೆ.
ಚಾವಣಿಯ ನೀಲಿ ಕಲೆಗೆ ಬಣ್ಣ ಹೊಡೆಯಲು ಅವಳು ಬಿಟ್ಟಿಲ್ಲ.
ತೂತು ಮುಚ್ಚಿದ್ದೂ ಅವಳೇ, ಆದರೂ
ದಿಂಬಿನ ಪಕ್ಕ ಒಂದು ಸ್ಟೀಲ್ ಲೋಟ ಇಟ್ಟುಕೊಂಡಳು.
ಬೆಳಿಗ್ಗೆ ಕತ್ತು ಮಾತ್ರ ಎತ್ತಿ ನೋಡಿದೆ:
ಒಣ ಲೋಟ, ಒಳಗೆ ಒಂದು ಇರುವೆ.
ಹೊರಳದೆ ಹಾಗೇ ಮಲಗಿದೆ.