ಹದಿನಾಲ್ಕನೇ ವಾರ್ಡು ಇದ್ದಾಗ

ಗೆಜೆಟ್ಟಿನ ಒಂದು ಸಾಲಿನಲ್ಲಿ ಹೋಯಿತು.
ಸುಣ್ಣದ ಭಟ್ಟಿ ಓಣಿಯ ಎಡಗಡೆ ಒಂಬತ್ತಕ್ಕೆ,
ಬಲಗಡೆ ಇಪ್ಪತ್ತೆರಡಕ್ಕೆ.
ನಡುವಿನ ಚರಂಡಿ ಯಾರದೆಂದು ಬರೆದಿಲ್ಲ.

ಹದಿನಾಲ್ಕು ಅಂತ ಬರೆದ ನೀಲಿ ತಗಡು
ರಾಯಚೂರಿನ ಬಿಸಿಲಿಗೆ ಸುರುಟಿ ಇನ್ನೂ ಕಂಬದಲ್ಲಿದೆ.
ಅದರ ಕೆಳಗೆ ನಿಂತು ಹೇಳುತ್ತೇನೆ, ಹಕ್ಕಿದೆ:
ಬೆರಳಿಗೆ ಶಾಯಿ ಬೀಳುವ ಹನ್ನೆರಡು ವರ್ಷ ಮೊದಲೇ
ಇಲ್ಲಿ ಒಬ್ಬನನ್ನು ನಾನು ಗೆಲ್ಲಿಸಿದ್ದೇನೆ.

ಮೊದಲನೆಯವನು ತಾಯಣ್ಣ. ಎದುರಾಳಿ ಇರಲಿಲ್ಲ;
ಅರ್ಜಿ ಹಾಕಬೇಕಿದ್ದವನಿಗೆ ಗುಂತಕಲ್ ರೈಲು ತಡವಾಯಿತಂತೆ.
ಎರಡನೇ ಸಲವೂ ತಾಯಣ್ಣ.
ಮೂರನೇ ಸಲ ತಾಯಣ್ಣನ ಫೋಟೋ, ಫೋಟೋದ ಪಕ್ಕ ತಮ್ಮ.
"ಸತ್ತಾಂವ ಗೆಲ್ಲತಿದ್ದ, ಇದ್ದಾಂವ ಸೋತ" ಅಂದಳು ಅಜ್ಜಿ.

ಆಮೇಲೆ ಆ ವರ್ಷ.
ದರ್ಜಿ ದಸ್ತಗೀರ್ ಹೊಲಿಗೆ ಯಂತ್ರದ ಗುರುತು ಕೇಳಿದ,
ಸಿಕ್ಕಿದ್ದು ಏಣಿ.
ಹೊಲಿಗೆ ಯಂತ್ರ ಹೋಯಿತು ಕಟ್ಟಿಗೆ ಅಡ್ಡೆಯ ಬೂದೆಪ್ಪನಿಗೆ.
"ಏಣಿ, ಏಣಿ, ನಂದು ಏಣಿ" ಎನ್ನುತ್ತ
ಕೊರಳಲ್ಲಿ ಅಳತೆ ಟೇಪು ಬಿಚ್ಚದೆ ಮನೆಮನೆ ತಿರುಗಿದ.
ಅಜ್ಜಿ ಟೇಪು ನೋಡಿದಳು.
ಒಳಗೆ ಹೋಗಿ ಹೊಲಿಗೆ ಯಂತ್ರಕ್ಕೆ ಗುದ್ದಿ ಬಂದಳು.
"ದರ್ಜಿಗೇ ಹಾಕೀನಿ", ಸಾಯುವತನಕ ಆಣೆ.

ನಾನೂರ ಹನ್ನೆರಡು. ನಾನೂರ ಹನ್ನೆರಡು.
ಮತ್ತೆ ಎಣಿಸಿದರು, ಚಹಾ ಕುಡಿದು ಮತ್ತೆ.
"ಒಂದು ಮಗು ಕರೀರಿ" ಅಂದರು ಸಾಹೇಬರು.
ಎಣಿಕೆ ನಡೆದದ್ದು ನಮ್ಮ ಶಾಲೆಯಲ್ಲೇ,
ಕಿಟಕಿಗೆ ಜೋತುಬಿದ್ದಿದ್ದವಳು ನಾನು.
ಜವಾನ ಮಾರೆಪ್ಪನ ಬುತ್ತಿ ಡಬ್ಬಿ, ತೊಳೆದರೂ
ಗುರೆಳ್ಳು ಚಟ್ನಿಯ ವಾಸನೆ.
ಎರಡು ಚೀಟಿ. ಒಂದು, ಎಣ್ಣೆ ತಾಗಿ, ಬೆರಳಿಗೆ ಅಂಟಿತು.
ಅಂಟಿದ್ದನ್ನೇ ಕೊಟ್ಟೆ.

ಬೂದೆಪ್ಪ.

ಪಟಾಕಿ, ಗುಲಾಲು. ಯಾರೋ ನನ್ನನ್ನು ಎತ್ತಿ ಕುಣಿಸಿದರು.
ಇನ್ನೊಂದು ಚೀಟಿಯನ್ನು ಯಾರೂ ಬಿಚ್ಚಲಿಲ್ಲ.
ಮಾರೆಪ್ಪ ಡಬ್ಬಿ ಮುಚ್ಚಿ
ಬಗಲಿಗೆ ಹಾಕಿಕೊಂಡು ಸೈಕಲ್ ಹತ್ತಿದ.
ಅದರಲ್ಲೂ ಅದೇ ಹೆಸರಿತ್ತೇ?
ನಲವತ್ತು ವರ್ಷವಾಯಿತು, ಅದು ನನ್ನ ತಲೆಯಲ್ಲಿ
ಮಡಿಚಿಕೊಂಡೇ ಕೂತಿದೆ.

ಮರುವಾರ ದಸ್ತಗೀರ್ ಕರೆದು ಅಳತೆ ತೆಗೆದುಕೊಂಡ.
ಉಳಿದ ಬ್ಯಾನರ್ ಬಟ್ಟೆಯಲ್ಲಿ ನನಗೊಂದು ಲಂಗ.
"ನಿಂದೇನು ತಪ್ಪಿಲ್ಲ ಬೇಟಿ, ಡಬ್ಬಿ ಇಕ್ಕಟ್ಟಿತ್ತು."
ಒಳಮಡಿಕೆಯಲ್ಲಿ 'ನಿಮ್ಮ ಅಮೂಲ್ಯ' ಎಂಬಷ್ಟು ಉಳಿದಿತ್ತು.

ಬೂದೆಪ್ಪ ನಳ ತಂದ. ಪೈಪು ಅವನ ಅಡ್ಡೆಯ ಮುಂದೆಯೇ ದಣಿದು ನಿಂತಿತು.
ಆಮೇಲೆ ಮಹಿಳಾ ಮೀಸಲು, ಸೊಸೆ ಹುಲಿಗೆಮ್ಮ.
ಪೋಸ್ಟರಿನಲ್ಲಿ ಕೈಮುಗಿದವನು ಗಂಡ,
ಆಕೆಯ ಮುಖ ಅಂಚೆಚೀಟಿಯಷ್ಟು.
ಮೂರು ವರ್ಷ ಸಹಿಯೂ ಅವನದೇ.
ನಾಲ್ಕನೆಯ ವರ್ಷ ಒಬ್ಬಳೇ ಆಟೋ ಹತ್ತಿ ಹೋಗಿ
ನಮ್ಮ ನಳದ ನೀರಿನ ಬಾಟಲಿ ಅಧ್ಯಕ್ಷರ ಮುಂದಿಟ್ಟು
"ಕುಡೀರಿ ಸರ" ಅಂದಳು.
ಪೈಪು ಬದಲಾಯಿತು. ಮೀಸಲೂ ಬದಲಾಯಿತು.
ಮುಂದಿನ ಸಲ ನಿಲ್ಲಲು ಆಕೆಗೆ ಜಾಗವೇ ಇರಲಿಲ್ಲ.

ನಂತರದವರ ಹೆಸರು ಗೊತ್ತು, ಹೇಳುವುದಿಲ್ಲ.
ಕುಕ್ಕರ್ ಕೊಟ್ಟವರು,
ಕುಕ್ಕರಿಗೆ ಗ್ಯಾಸ್ಕೆಟ್ ಕೇಳಿದರೆ ಫೋನ್ ಎತ್ತದವರು.

ನಿನ್ನೆ ಮತದಾರರ ಚೀಟಿ ತರಲು ಹೊರಟಾಗ
ಎದುರು ಮನೆಯಿಂದ ದಸ್ತಗೀರನ ಮಗಳು ಮಹಬೂಬಿ ಬಂದಳು.
ಪ್ರತಿ ಸಲ ಕೂಡಿ ಹೋಗುತ್ತಿದ್ದವರು.
ಈ ಸಲ ಆಕೆ ಬಲಕ್ಕೆ, ನಾನು ಎಡಕ್ಕೆ.
ನಾಲ್ಕು ಹೆಜ್ಜೆ ಹೋಗಿ ಚರಂಡಿಯಾಚೆಯಿಂದ ತಿರುಗಿದಳು:
"ಅಲ್ಲಬೇ, ಅವತ್ತು ಆ ಇನ್ನೊಂದು ಚೀಟಿ..."

ಮೈಕಿನ ಆಟೋ ಬಂತು.
ಒಂಬತ್ತರದೋ, ಇಪ್ಪತ್ತೆರಡರದೋ,
ಎರಡೂ ಕಡೆ ಕೈಮುಗಿಯುತ್ತ
ನಮ್ಮಿಬ್ಬರ ನಡುವೆ ನಿಧಾನಕ್ಕೆ ಹೋಯಿತು.