ಆರನೇ ಚುಕ್ಕಿ

ಊಟ ಎಂದು ಬರೆದದ್ದು
ಬೆರಳಿಗೆ ಹತ ಎಂದು ತಾಗಿತು,
ಸವಳಂಗ ರಸ್ತೆಯ ಹಾಸ್ಟೆಲಿನಲ್ಲಿ,
ಬೆಳಿಗ್ಗೆ ಏಳೂಮುಕ್ಕಾಲಿಗೆ, ಶೇವಂತಿಗೆ.

'ಅಕ್ಕಾ, ಮಧ್ಯಾಹ್ನ ಹತ, ರಾತ್ರಿ ಹತ,
ಭಾನುವಾರ ಪಾಯಸದ ಜೊತೆ ಹತ'
ಎಂದು ಫೋನಿನಲ್ಲಿ ನಕ್ಕಳು.
ನಗು ನಿಂತ ಮೇಲೆ:
'ನನ್ನ ಹೆಸರೂ ಕೆಟ್ಟಿದೆ. ಶೇ ಹೋಗಿ ಚೇ, ವ ಹೋಗಿ ಲ,
ಮುಂದೆ ಯಾವುದೋ ಒಂಟಿ ಚುಕ್ಕಿ.'

ಆರು ಚುಕ್ಕಿಯ ಮನೆ ಒಂದೊಂದು ಅಕ್ಷರ,
ಎಡಕ್ಕೆ ಮೂರು, ಬಲಕ್ಕೆ ಮೂರು.
ಬಲಗಡೆಯ ತಳದ ಸೂಜಿ ಏಳದಿದ್ದರೆ
ಟ ಎಂಬುದು ತ, ಊ ಎಂಬುದು ಹ.
ಊಟಕ್ಕೆ ಕರೆದವರು
ಕೊಂದೇಬಿಡುತ್ತಾರೆ.

ಹಗಲು ನಾನು ನಾಲ್ಕನೇ ಕಿಂಡಿ:
ಕರೆಂಟು ಬಿಲ್ಲು ಜಾಸ್ತಿ ಬಂತೆಂದು ಬೈಯುವವರಿಗೆ
ಅರ್ಜಿ ನಮೂನೆ ಕೊಡುವವಳು.
ರಾತ್ರಿ ಗೋಪಾಳದ ಬಾಡಿಗೆ ಕೋಣೆಯಲ್ಲಿ
ಯಾರದೂ ಅಲ್ಲದ, ಆದ್ದರಿಂದ ನನ್ನದೂ ಆದ
ಕರ್ನಲ್ಲಿನ ಲಕ್ಷ ಲಕ್ಷ ಸಾಲು ತೆರೆದು ಕೂರುತ್ತೇನೆ.
'ಇಷ್ಟೊತ್ತಿಗೆ ಏನು ಮೇಡಂ ದೀಪ?'
ಪಕ್ಕದ ಮನೆಯ ಜಬೀವುಲ್ಲಾ, ಶಿಕಾರಿಪುರದ ಕೊನೆಯ ಬಸ್ಸು ನಿಲ್ಲಿಸಿ ಬಂದವರು.
'ಡ್ರೈವರ್ ಕೆಟ್ಟಿದೆ, ಸರಿ ಮಾಡ್ತಿದೀನಿ.'
'ಡ್ರೈವರ್ ಕೆಡಲ್ಲ ಮೇಡಂ,' ಅಂದರು,
'ನಿದ್ದೆಗೆಡ್ತಾನೆ ಅಷ್ಟೆ.'

ಅವರು ಹೇಳಿದ್ದು ಸರಿಯಿತ್ತು, ಆಮೇಲೆ ತಿಳಿಯಿತು.

ಹೊಸದಾಗಿ ಹಚ್ಚಿದರೆ ಆರೂ ಸೂಜಿ ಏಳುತ್ತವೆ.
ಮುಚ್ಚಳ ಹಾಕಿ, ಯಂತ್ರ ಮಲಗಿ, ಮತ್ತೆ ಎದ್ದರೆ
ಒಂದು ಏಳುವುದಿಲ್ಲ.
ಕಾಡು ಹೊಕ್ಕವರು ತಿರುವಿಗೊಂದು ಸೊಪ್ಪು ಮುರಿದಿಡುವಂತೆ
ಪ್ರತಿ ತಿರುವಿಗೂ 'ಇಲ್ಲಿಯ ತನಕ ಬಂದೆ' ಎಂಬ
ಒಂದು ಸಾಲು ಹಾಕಿಕೊಂಡು ನಡೆದೆ.
ಮೊದಲ ರಾತ್ರಿ ಕೇಬಲ್ಲಿನ ಮೇಲೆ ಅನುಮಾನ.
ಎರಡನೆಯದು ಕರೆಂಟು ನುಂಗಿತು
(ನಾನೇ ದೂರು ಕೊಡಬಹುದಿತ್ತು, ನನ್ನದೇ ಕಿಂಡಿಗೆ).
ಮೂರನೆಯ ರಾತ್ರಿ ಸೊಪ್ಪು ಮುಗಿದ ಜಾಗದಲ್ಲಿ
ಹನ್ನೊಂದು ವರ್ಷ ಹಳೆಯ ಸಾಲೊಂದು
ಏನೂ ಅರಿಯದಂತೆ ಕೂತಿತ್ತು:
ಸೊನ್ನೆಯಿಂದ ಶುರು, ಐದಕ್ಕಿಂತ ಕಡಿಮೆ ಇರುವ ತನಕ.

ಸೊನ್ನೆ, ಒಂದು, ಎರಡು, ಮೂರು, ನಾಲ್ಕು.
ಬೆರಳು ಮಡಿಸಿ ಎಣಿಸಿದೆ. ಐದೇ.
ಮಲಗುವಾಗ ಆರನ್ನೂ ಇಳಿಸಿದವನು
ಎಬ್ಬಿಸುವಾಗ ಐದನ್ನು ಎಬ್ಬಿಸಿ
ಬಾಗಿಲು ಹಾಕಿಕೊಂಡು ಹೋಗಿದ್ದ.
ಬರೆದವನ ಹೆಸರು ಅಲ್ಲೇ ಇತ್ತು, ಬೈಯಲಿಲ್ಲ.
ಪರದೆ ನೋಡಿರಬೇಕು, ಪರದೆಯ ಮೇಲೆ ಎಲ್ಲ ಸರಿಯೇ ಇತ್ತು.
ಬೆರಳಿಟ್ಟು ನೋಡಿರಲಾರ.

ಐದನ್ನು ಆರು ಮಾಡಿದೆ.
ಅಷ್ಟೆ. ಒಂದು ಅಂಕಿ.
ಅದಕ್ಕೆ ಹದಿನಾಲ್ಕು ಸಾಲು ವಿವರಣೆ,
ಎರಡು ಸಲ ವಾಪಸ್ಸು.
ಮೊದಲ ಸಲ, ಅಂಚು ಬಿಟ್ಟದ್ದು ಸರಿಯಿಲ್ಲವೆಂದು.
ಎರಡನೆಯ ಸಲ, ಮುಖ ಕಂಡಿರದ ಯಾರೋ ಕೇಳಿದರು:
ಏನು ಬದಲಿಸಿದೆ ಎನ್ನುವುದು ಕಾಣುತ್ತದೆ,
ಯಾಕೆ ಎನ್ನುವುದನ್ನು ಹೇಳು.
ಊಟ, ಎಂದು ಬರೆದೆ.
ಅಳಿಸಿದೆ.
ಗಂಭೀರವಾಗಿ ಬರೆದೆ.

ಶೇವಂತಿ ಅಲ್ಲಿ ನಲವತ್ತು ಸಲ
ಮುಚ್ಚಳ ಹಾಕಿ ತೆಗೆದಳು, ಲೆಕ್ಕ ಇಟ್ಟಳು,
ಮೂವತ್ತೊಂದನೆಯದಕ್ಕೆ ಬೇಸರವಾಯಿತು ಎಂದೂ ವರದಿ ಕೊಟ್ಟಳು.
ಕೊನೆಗೆ, ನನ್ನ ಹೆಸರಿನ ಕೆಳಗೆ,
'ಪರೀಕ್ಷಿಸಿದವರು' ಎಂದು ಅವಳದನ್ನು ಸೇರಿಸಿದೆ.
'ಎಲ್ಲರ ಕಂಪ್ಯೂಟರಲ್ಲೂ ಇರತ್ತಾ ಅಕ್ಕಾ?'
'ಇಲ್ಲ, ಹಳೆ ದಾಖಲೆಯಲ್ಲಿರತ್ತೆ. ಯಾರೂ ತೆಗೆದು ನೋಡಲ್ಲ.'
'ನೋಡದಿದ್ರೆ ಬಿಡಿ. ಅಕ್ಷರ ಸರಿ ಇದೆಯಾ?'

ಒಂದೊಂದೇ ಅಕ್ಷರ ಓದಿ ಹೇಳಿದೆ. ಹೂಂ ಅಂದಳು.

ಭಾನುವಾರ ಮತ್ತೆ ಫೋನು.
'ಈಗ ಊಟ ಅಂತಲೇ ಬರ್ತಿದೆ ಅಕ್ಕಾ,
ಟ ಗಟ್ಟಿಯಾಗಿ ತಾಗ್ತಿದೆ.
ಸಾರು ಮಾತ್ರ ನಿನ್ನೆದೇ.'